ನೌಕಾಶಯನ ಮೀಮಾಂಸೆ

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಅಲ್ಲಿಂದೀಚೆಗೆ ಅದರ ಸುತ್ತ ನಡೆದ ಮಾತೆಲ್ಲ ನೀರಿನದೇ. ಗರಿಷ್ಠ ಮಟ್ಟ 2922 ಅಡಿ, ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, 37.1 ಟಿಎಂಸಿಯಲ್ಲಿ ತುಮಕೂರಿನವರಿಗೆ ಎಷ್ಟು, ಮಂಡ್ಯದವರಿಗೆ ಎಷ್ಟು, ನಮಗೆ ಉಳಿಯುವುದೇನು ಎಂಬುದರಲ್ಲೇ ಪತ್ರಿಕೆಗಳ ಜಿಲ್ಲಾ ಪುಟಗಳು ತುಂಬಿಹೋಗಿವೆ. ಅಷ್ಟು ನೀರು ಕಣ್ಣೆದುರು ನಿಂತಮೇಲೆ ಅದರ ಮೇಲೆ ತೇಲಬೇಕೆಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. ಆಸೆ ಹುಟ್ಟಿದವನು ದೋಣಿ ಕೊಳ್ಳುತ್ತಾನೆ. ಕೊಂಡ ದೋಣಿಯನ್ನು ಸಂಜೆ ಮನೆಗೆ ತಂದು ಎಲ್ಲಿಯಾದರೂ ಇಡಲೇಬೇಕಾಗುತ್ತದೆ. ಮೊದಲಿನ ಎರಡು ಘಟ್ಟಗಳ ಮೇಲೆ ಗ್ರಂಥಗಳಿವೆ. ಮೂರನೆಯದನ್ನು ನಮ್ಮ ವಿದ್ವಾಂಸರು ಮುಟ್ಟಿದಂತಿಲ್ಲ. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯನ್ನು ನಡೆಸಿದ್ದ ಜೇಮ್ಸ್ ಹಾರ್ನೆಲ್, ಹರಿಗೋಲು ಮೊದಲುಗೊಂಡು ಜಗತ್ತಿನ ನಾನಾ ನಾವೆಗಳನ್ನು ಅಭ್ಯಾಸ ಮಾಡಿ 1946ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. ಅದರ ಹೆಸರೇ ಜಲಸಾರಿಗೆ ಎಂದಾದ್ದರಿಂದ, ದಡ ಹತ್ತಿ ಮನೆ ಸೇರಿದ ದೋಣಿಯನ್ನು ವಿಚಾರಿಸುವ ಹೊಣೆ ಅವನದಲ್ಲ ಎಂದು ಅವನನ್ನು ಬಿಟ್ಟುಬಿಡಬಹುದು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವನ್ನು ಹಾಗೆ ಬಿಡುವುದು ಕಷ್ಟ. ನಾವೆಗಳ ಉದ್ದ, ಅಗಲ, ಎತ್ತರ ಅಳೆದು ಜಾತಿವಾರು ವಿಂಗಡಿಸಿ, ಅತಿ ಚಿಕ್ಕದಕ್ಕೆ ಕ್ಷುದ್ರಾ ಎಂದು ಹೆಸರಿಟ್ಟು ಅದಕ್ಕೆ 16 ಮೊಳದ ಉದ್ದ ಗೊತ್ತುಮಾಡಿದ ಆ ಶಾಸ್ತ್ರ, ರಾತ್ರಿ ಅದನ್ನು ಎಲ್ಲಿ ಮಲಗಿಸಬೇಕೆಂದು ಹೇಳಿದಂತೆ ತಿಳಿದುಬಂದಿಲ್ಲ. ರಾಜನಾದವನಿಗೆ ಜಾಗದ ಚಿಂತೆ ಇರಲಿಲ್ಲವೆಂದು ಕಾಣುತ್ತದೆ.

ಕಯಾಕ್ ಎಂಬ ದೋಣಿಯನ್ನೇ ಈ ಪ್ರಬಂಧ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಉತ್ತರ ಧ್ರುವದ ಹತ್ತಿರದ ಇನುಯಿಟ್ ಜನ ಸೀಲ್ ಪ್ರಾಣಿಯ ಚರ್ಮವನ್ನು ಹಂದರಕ್ಕೆ ಬಿಗಿದು ಮಾಡಿಕೊಂಡ, ಮೇಲುಭಾಗ ಮುಚ್ಚಿ ನಡುವೆ ಒಬ್ಬ ಕೂರುವಷ್ಟು ಮಾತ್ರ ಬಾಯಿ ಬಿಟ್ಟ ಈ ನಾವೆ, ಪ್ಲಾಸ್ಟಿಕ್ ಮೈ ತಾಳಿ ಲಿಂಗನಮಕ್ಕಿ ಹಿನ್ನೀರಿನ ಹೊನ್ನೇಮರಡುವಿಗೂ ಉಡುಪಿ ಜಿಲ್ಲೆಯ ಸಾಲಿಗ್ರಾಮಕ್ಕೂ ಬಂದಾಗಿದೆ. ಹೇಮಾವತಿಯ ಹಿನ್ನೀರೇನು ಕಡಿಮೆಯದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಅಮೆರಿಕದಲ್ಲಿ ಗೊರೂರು’ ಬರೆದು 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಗೊರೂರಿನಲ್ಲಿ ಅಮೆರಿಕ ಬಂದು ಇಳಿಯುವುದಾದರೆ, ಅದು ಮಗ ಸೊಸೆ ರಜೆಗೆ ಬಂದಾಗ ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬರುವ ಕೆಂಪು ಕಯಾಕಿನ ರೂಪದಲ್ಲಿ ಬರುವ ಸಂಭವವೇ ಹೆಚ್ಚು. ಸಾಧಾರಣ ಕಯಾಕಿನ ಉದ್ದ 12 ಅಡಿ, ಅಂದರೆ 8 ಮೊಳ. ಭೋಜನ ಲೆಕ್ಕದಲ್ಲಿ ಅದು ಕ್ಷುದ್ರಕ್ಕೂ ಅರ್ಧ, ಎಣಿಕೆಗೆ ಬಾರದ ವಸ್ತು. ಆದರೆ ಮಾರುತಿ 800 ಕಾರಿಗಿಂತ ಅದು ಒಂದಡಿ ಉದ್ದ. ನಮ್ಮ ಕಡೆಯ ಎಷ್ಟೋ ಶೆಡ್ಡುಗಳು ಆ ಕಾರಿನ ಅಳತೆಗೇ ಎದ್ದವು ಎಂಬುದನ್ನು ನೆನೆದರೆ, ಶಾಸ್ತ್ರದಲ್ಲಿ ಕ್ಷುದ್ರವಾದದ್ದು ಶೆಡ್ಡಿನಲ್ಲಿ ಎಷ್ಟು ಬೃಹತ್ತಾಗಿ ಕಾಣುತ್ತದೆಂದು ತಿಳಿಯುತ್ತದೆ.

ದೋಣಿ ನೀರಿನ ವಸ್ತು ಎಂಬ ಮೂಢನಂಬಿಕೆಯನ್ನು ಮೊದಲು ಕಳೆದುಕೊಳ್ಳಬೇಕು. ಅತ್ಯುತ್ಸಾಹಿಯೊಬ್ಬ ವರ್ಷದ ಒಂದು ಭಾನುವಾರವನ್ನೂ ಬಿಡದೆ ಎರಡೆರಡು ಗಂಟೆ ಹುಟ್ಟು ಹಾಕಿದನೆನ್ನೋಣ. ಒಟ್ಟು 104 ಗಂಟೆ. ವರ್ಷಕ್ಕೆ 8760 ಗಂಟೆ. ಕಯಾಕ್ ನೀರಿನಲ್ಲಿ ಇದ್ದದ್ದು ನೂರಕ್ಕೆ ಒಂದೂಕಾಲು ಪಾಲಿಗೂ ಕಡಿಮೆ. ಇದೂ ಮದುವೆ, ತಿಥಿ, ನಾಟಿ, ಚುನಾವಣೆ ಯಾವುದೂ ಇಲ್ಲದ ಕಾಲ್ಪನಿಕ ವರ್ಷದ ಲೆಕ್ಕ. ಇದರ ಮೇಲೆ ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿಯುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಅಣೆಕಟ್ಟೆಯಾದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬುಡದವರೆಗೆ ಹೊರಗೆ ಬಂದು ನಿಲ್ಲುತ್ತದಲ್ಲ, ಅದನ್ನೇ ಕಯಾಕಿನ ಪಂಚಾಂಗವೆಂದು ಇಟ್ಟುಕೊಳ್ಳಬಹುದು. ಚರ್ಚಿನ ಸುತ್ತ ದನ ಮೇಯುವ ತಿಂಗಳುಗಳಲ್ಲಿ ದೋಣಿಗೆ ಕೆಲಸವಿಲ್ಲ. ಆದ್ದರಿಂದ ಕಯಾಕ್ ಎಂದರೆ ಆಗೀಗ ಒದ್ದೆಯಾಗುವ ಒಂದು ಗೃಹಬಳಕೆಯ ಸಾಮಾನು ಎಂಬ ಲಕ್ಷಣವೇ ಸರಿಯಾದದ್ದು. ಅದರ ಸುರಕ್ಷತೆಯ ಪ್ರಶ್ನೆಯನ್ನು ಈಜು ಬಲ್ಲವರು ಬಗೆಹರಿಸಬೇಕಿಲ್ಲ. ಮನೆವಾರ್ತೆ ಬಲ್ಲವರು ಬಗೆಹರಿಸಬೇಕು.

ಮನೆವಾರ್ತೆಯಲ್ಲಿ ಶೆಡ್ಡಿನ ಸ್ಥಾನ ಯಾವುದು? ‘ಕಾರು ಇರುವ ಜಾಗವೇ ಶೆಡ್ಡು’ ಎಂದು ಲಕ್ಷಣ ಹೇಳಿದರೆ ನ್ಯಾಯಶಾಸ್ತ್ರದ ಮೂರು ದೋಷಗಳೂ ಒಟ್ಟಿಗೇ ಬಂದು ಕೂರುತ್ತವೆ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಬಾಗಿಲು ತೆಗೆದು ನೋಡಿದರೆ ಶೆಡ್ಡುಗಳಲ್ಲಿ ಕಾರು ಕಾಣುವುದು ಅಪರೂಪ, ಹಾಗಾಗಿ ಅವ್ಯಾಪ್ತಿ. ಕಾರು ಬೇವಿನ ಮರದ ನೆರಳಿನಲ್ಲೋ ಎದುರು ಮನೆಯವರ ಗೇಟಿನ ಮುಂದೋ ನಿಂತಿರುವುದರಿಂದ ಆ ಜಾಗಗಳೂ ಶೆಡ್ಡಾಗಿಬಿಡುತ್ತವೆ, ಇದು ಅತಿವ್ಯಾಪ್ತಿ. ಇನ್ನು ಹಬ್ಬದ ಹಿಂದಿನ ದಿನ ಹೋದರೆ ಅಲ್ಲಿ ಕಾರು ನುಗ್ಗಿಸುವುದಿರಲಿ, ಮನುಷ್ಯ ಅಡ್ಡಡ್ಡವಾಗಿ ತೂರುವುದೂ ಅಸಂಭವ. ಶೆಡ್ಡು ಕೊಟ್ಟಿಗೆಯ ವಂಶದ್ದು. ಎತ್ತುಗಳು ಹೋದವು, ಗಾಡಿ ಹೋಯಿತು, ಮೂಕಿ ಮಾತ್ರ ಗೋಡೆಗೆ ಒರಗಿ ಉಳಿಯಿತು. ಆ ಮೂಕಿಯ ಸುತ್ತ ಔಷಧಿ ಹೊಡೆಯುವ ಪಂಪು, ಸುತ್ತಿಟ್ಟ ಟಾರ್ಪಾಲು, ಡ್ರಿಪ್ ಪೈಪಿನ ಸುರುಳಿ, ಅರ್ಧ ಉಳಿದ ಯೂರಿಯಾ ಚೀಲ, ಸುಟ್ಟುಹೋದ ಮೋಟರು, ಸುಣ್ಣ ಬಳಿದು ಗಟ್ಟಿಯಾದ ಬ್ರಷ್ಷು, ಮದುವೆಯಲ್ಲಿ ಬಂದು ಯಾರೂ ಒಡೆಯದ ಪೆಟ್ಟಿಗೆ, ತಾತನ ಕಾಲದ ಹಂಡೆ ಇವೆಲ್ಲ ನೆಲೆಗೊಂಡವು. ಇಂಥ ನಾಗರಿಕತೆಯ ನಡುವೆ ಹನ್ನೆರಡು ಅಡಿಯ ಪರದೇಶಿ ವಸ್ತುವನ್ನು ತಂದಿಡಬೇಕಾಗಿದೆ.

ಇಡುವ ಭಂಗಿಗಳಿಗೆ ನಮ್ಮ ಆಗಮಗಳೇ ಮಾದರಿ ಕೊಡುತ್ತವೆ. ಮೂರ್ತಿಗಳು ನಿಂತಿರಬಹುದು, ಕುಳಿತಿರಬಹುದು, ಮಲಗಿರಬಹುದು. ಸ್ಥಾನಕ, ಆಸನ, ಶಯನ. ಹೇಮಾವತಿಗೆ ಬಂದು ಸೇರುವ ಯಗಚಿಯ ದಡದ ಬೇಲೂರಿನಲ್ಲಿ ಚೆನ್ನಕೇಶವ ನಿಂತಿದ್ದಾನೆ. ಗೊರೂರಿನಲ್ಲಿ ಯೋಗಾನರಸಿಂಹ ಕುಳಿತಿದ್ದಾನೆ. ಹೊಳೆ ಕೆಳಗಿಳಿದು ಕಾವೇರಿಯನ್ನು ಸೇರಿ ಕನ್ನಂಬಾಡಿ ದಾಟಿದ ಮೇಲೆ ಶ್ರೀರಂಗಪಟ್ಟಣದಲ್ಲಿ ರಂಗನಾಥ ಮಲಗಿದ್ದಾನೆ. ಒಂದೇ ನೀರಿನ ದಾರಿಯಲ್ಲಿ ಮೂರೂ ಭಂಗಿಗಳು ಸಿಕ್ಕುವುದು ನೌಕಾಶಾಸ್ತ್ರಜ್ಞನಿಗೆ ದೊಡ್ಡ ಅನುಕೂಲ. ಕಯಾಕನ್ನು ಬೇಲೂರಿನ ಕ್ರಮದಲ್ಲಿ ನೆಟ್ಟಗೆ ನಿಲ್ಲಿಸಬೇಕಾದರೆ ಸೂರು ಹನ್ನೆರಡು ಅಡಿಗಿಂತ ಎತ್ತರವಿರಬೇಕು, ಮೈಭಾರವೆಲ್ಲ ಬಾಲದ ತುದಿಯ ಮೇಲೆ ಬೀಳುತ್ತದೆ, ಬೆಕ್ಕು ಹಾರಿದರೂ ಉರುಳುತ್ತದೆ. ಗೊರೂರಿನ ಕ್ರಮದಲ್ಲಿ ತಳ ಕೆಳಗೆ ಬಾಯಿ ಮೇಲೆ ಮಾಡಿ ಕೂರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಈ ಪ್ರಬಂಧ ಖಂಡಿಸಹೊರಟಿರುವುದೂ ಅದನ್ನೇ. ಶ್ರೀರಂಗಪಟ್ಟಣದ ಕ್ರಮದಲ್ಲಿ ಪಕ್ಕಕ್ಕೆ ಮಲಗಿಸುವುದನ್ನು ಪೂರ್ವಪಕ್ಷದಲ್ಲಿ ವಿಚಾರಿಸೋಣ. ನಮ್ಮ ಸಿದ್ಧಾಂತ ಇವೆಲ್ಲಕ್ಕೂ ಹೊರತಾದ ನಾಲ್ಕನೆಯ ಭಂಗಿ, ತಲೆಕೆಳಗು. ಆಗಮದಲ್ಲಿ ಇಲ್ಲ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಹಾಸನದ ಪಕ್ಕದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು, 1927ರಲ್ಲಿ ಹಾಸನದ ಜೂಬಿಲಿ ಹಾಲಿನಲ್ಲಿ ಕೃಷ್ಣಮಾಚಾರ್ಯರ ಯೋಗಾಸನಗಳನ್ನು ಕಂಡು ಬೆರಗಾಗಿ ಅವರ ಶಿಷ್ಯರಾಗಿ, ಮುಂದೆ ಅಮೆರಿಕದವರನ್ನೂ ಯುರೋಪಿನವರನ್ನೂ ಸಾಲಾಗಿ ತಲೆಕೆಳಗು ನಿಲ್ಲಿಸಿದರು. ತಲೆಕೆಳಗಾಗಿ ಸ್ವಸ್ಥವಾಗಿರುವ ವಿದ್ಯೆಗೆ ನಮ್ಮ ತಾಲ್ಲೂಕಿನಲ್ಲೇ ಪರಂಪರೆಯಿದೆ ಎಂದಾಯಿತು.

ಕಯಾಕಿಗೆ ಒದಗುವ ಅಪಾಯಗಳು ಎರಡು ಬಗೆ, ಭೌತಿಕ ಮತ್ತು ಸಾಂಸಾರಿಕ. ಪಾಶ್ಚಾತ್ಯರು ಮೊದಲನೆಯದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಈಗಿನ ಹೆಚ್ಚಿನ ಕಯಾಕುಗಳು ಪಾಲಿಎಥಿಲೀನಿನವು. ಅದರ ಪುಡಿಯನ್ನು ಅಚ್ಚಿನೊಳಗೆ ಹಾಕಿ, ಅಚ್ಚನ್ನು ಕಾಯಿಸುತ್ತ ತಿರುಗಿಸುತ್ತ ಹೋದರೆ ಪುಡಿ ಕರಗಿ ಒಳಗೋಡೆಗೆ ಅಂಟಿ ಟೊಳ್ಳು ಮೈ ತಯಾರಾಗುತ್ತದೆ. ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕು ಹುಟ್ಟುವುದೂ ಹೀಗೆಯೇ. ಕಯಾಕಿಗೂ ಟ್ಯಾಂಕಿಗೂ ದಾಯಾದಿ ಸಂಬಂಧ. ಟ್ಯಾಂಕು ಬಿಸಿಲಲ್ಲಿ ವರ್ಷಗಟ್ಟಲೆ ಕೂತರೂ ಏನಾಗಿದೆ, ಇದಕ್ಕೇಕೆ ಇಷ್ಟು ಉಪಚಾರ ಎಂದು ದೊಡ್ಡವರು ಕೇಳುತ್ತಾರೆ. ಟ್ಯಾಂಕಿಗೆ ಬೆರೆಸಿದ ಇದ್ದಿಲಿನಂಥ ಕಪ್ಪು ಇಂಗಾಲ ಬಿಸಿಲಿನ ಅತಿನೇರಳೆ ಕಿರಣವನ್ನು ತಡೆದು ಅದನ್ನು ಕಾಪಾಡುತ್ತದೆ, ಕೆಂಪು ಹಳದಿ ಬಣ್ಣದ ಕಯಾಕಿಗೆ ಆ ಕವಚ ಅಷ್ಟಿಲ್ಲ. ಅದು ಬಿಸಿಲಲ್ಲೇ ಬಿದ್ದಿದ್ದರೆ ಬಣ್ಣ ಬಿಳಚಿ, ಮೈ ಗಡಸಾಗಿ, ಒಂದು ದಿನ ಕಲ್ಲಿಗೆ ತಗುಲಿದಾಗ ಸೀಳುತ್ತದೆ. ಬಿಸಿಲಷ್ಟೇ ಅಲ್ಲ, ಅದರ ಸ್ವಂತ ತೂಕವೂ ಅದಕ್ಕೆ ಶತ್ರು. ಇಪ್ಪತ್ತು ಮೂವತ್ತು ಕಿಲೋ ಭಾರದ ಟೊಳ್ಳು ಮೈ ತಿಂಗಳುಗಟ್ಟಲೆ ಒಂದೇ ಉಬ್ಬಿನ ಮೇಲೆ ಕುಳಿತರೆ, ಅದರಲ್ಲೂ ತಗಡಿನ ಸೂರಿನ ಏಪ್ರಿಲ್ ಸೆಕೆಯಲ್ಲಿ, ತಳ ಒಳಗೆ ತಗ್ಗುತ್ತದೆ. ತಗ್ಗಿದ ತಳದ ದೋಣಿ ನೀರಿನಲ್ಲಿ ನೇರ ಹೋಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಅವರು ಹೇಳುವುದು: ತುದಿಯ ಹಿಡಿಗಳಿಂದ ತೂಗುಹಾಕಬೇಡಿ, ಎರಡೂ ತುದಿಗಳಿಂದ ಸುಮಾರು ಮೂರನೇ ಒಂದು ಭಾಗ ಒಳಕ್ಕೆ, ಅಗಲವಾದ ಮೆತ್ತನೆಯ ಆಸರೆ ಎರಡು ಕೊಡಿ, ಬೋರಲಾಗಿಯೋ ಪಕ್ಕಕ್ಕೆ ವಾಲಿಸಿಯೋ ಇಡಿ, ಒಳಗಿನ ನೀರು ಬಸಿದು ಮುಚ್ಚಳಗಳನ್ನು ಸಡಿಲ ಬಿಡಿ, ಹಗ್ಗ ಬಿಗಿಯಬೇಡಿ. ಮಾತು ಸರಿಯಾಗಿದೆ. ಬೋರಲನ್ನೂ ಪಕ್ಕವನ್ನೂ ಸಮಾನ ವಿಕಲ್ಪಗಳೆಂದು ಬಿಟ್ಟದ್ದರಲ್ಲಿ ಮಾತ್ರ ಅವರಿಗೆ ನಮ್ಮ ಸಂಸಾರದ ಪರಿಚಯವಿಲ್ಲದ್ದು ಎದ್ದು ಕಾಣುತ್ತದೆ.

ಯಾಕೆಂದರೆ ನಮ್ಮಲ್ಲಿ ಬಾಯಿ ಮೇಲಾಗಿ ಬರಿದಾಗಿರುವ ವಸ್ತು ಬಹಳ ಹೊತ್ತು ಬರಿದಾಗಿ ಉಳಿಯುವುದಿಲ್ಲ. ಇದು ಈ ಪ್ರಬಂಧದ ಮುಖ್ಯ ಪ್ರತಿಪಾದನೆ. ಕಯಾಕಿನ ನಡುವಿನ ಬಾಯಿಯನ್ನು ಒಮ್ಮೆ ಹತ್ತಿರದಿಂದ ಕಲ್ಪಿಸಿಕೊಳ್ಳಿ. ಮೊಳದಷ್ಟು ಅಗಲ, ಒಳಗೆ ಕತ್ತಲೆ, ಅಂಚು ನುಣ್ಣಗೆ, ಎತ್ತರ ಸರಿಯಾಗಿ ಬಗ್ಗದೆ ಕೈಬಿಡುವಷ್ಟು. ಮೊದಲ ದಿನ ಯಾರೋ ಒಬ್ಬರು ಒದ್ದೆ ಗೋಣಿಚೀಲವನ್ನು ‘ಸದ್ಯಕ್ಕೆ ಇಲ್ಲಿರಲಿ’ ಎಂದು ಅದರ ಅಂಚಿಗೆ ಹಾಕುತ್ತಾರೆ. ನಮ್ಮ ಕಡೆ ಸದ್ಯಕ್ಕೆ ಎಂಬುದು ಭೂಗರ್ಭಶಾಸ್ತ್ರದ ಕಾಲಮಾನ. ಎರಡನೆಯ ವಾರದಲ್ಲಿ ಗೋಣಿಚೀಲ ಒಳಗೆ ಜಾರಿ, ಅದರ ಮೇಲೆ ಕುಡುಗೋಲು ಬರುತ್ತದೆ, ಮಕ್ಕಳ ಕೈಗೆ ಸಿಗಬಾರದೆಂಬ ಸದುದ್ದೇಶದಿಂದ. ಆಮೇಲೆ ತಾಲ್ಲೂಕಿಗೆ ತಕ್ಕ ಬೆಳೆ ತುಂಬುತ್ತದೆ. ಹಾಸನದ ಸೀಮೆಯಾದರೆ ಆಲೂಗೆಡ್ಡೆ. ಮುಂಗಾರಿಗೆ ಬಿತ್ತಿದ್ದು ಕೀಳುವಾಗ ಮಳೆ ಹಿಡಿದರೆ ನೆರಳಿನಲ್ಲಿ ಹರಡಲು ಜಾಗ ಹುಡುಕುವವರ ಕಣ್ಣಿಗೆ ಹನ್ನೆರಡು ಅಡಿಯ ತೊಟ್ಟಿ ಬಿದ್ದರೆ ತಪ್ಪು ಯಾರದು? ಚನ್ನರಾಯಪಟ್ಟಣದ ಕಡೆ ಸುಲಿದ ತೆಂಗಿನಕಾಯಿ, ಕಾಯಿಯ ಜೊತೆಗೆ ಮಟ್ಟೆ, ಮಟ್ಟೆಯ ಜೊತೆಗೆ ಚೇಳು. ಅರಕಲಗೂಡಿನಲ್ಲಿ ಬಿತ್ತನೆ ಶುಂಠಿ, ಇಲ್ಲವೇ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗಬೇಕಾದ ಹೊಗೆಸೊಪ್ಪಿನ ಬೇಲಿನಿಂದ ಉಳಿದ ಚೂರು. ಒಂದು ಚೀಲ ಆಲೂಗೆಡ್ಡೆ ಎಂದರೆ ಐವತ್ತು ಕಿಲೋ ಎಂದು ಹಿಡಿಯಿರಿ. ಎರಡು ಚೀಲ ಸುರಿದರೆ ಒಬ್ಬ ದಪ್ಪನೆಯ ಮನುಷ್ಯ ತಿಂಗಳು ಪೂರ್ತಿ ಕದಲದೆ ಕೂತಂತೆ. ಆಗ ತಳ ತಗ್ಗುವುದನ್ನು ಪಾಲಿಎಥಿಲೀನಿನ ಗುಣದೋಷದಿಂದ ವಿವರಿಸಹೊರಡುವವನು ಕೃಷಿ ಮಾರುಕಟ್ಟೆಯ ದರಪಟ್ಟಿಯನ್ನು ನೋಡಿಲ್ಲ. ಧಾರಣೆ ಬಿದ್ದ ವರ್ಷ ಮಾಲು ಮನೆಯಲ್ಲೇ ಉಳಿಯುತ್ತದೆ, ದೋಣಿಯ ತಳ ಬಗ್ಗುತ್ತದೆ. ಕಾರ್ಯಕಾರಣ ಸಂಬಂಧ ಇಷ್ಟು ಸ್ಪಷ್ಟವಾಗಿ ಸಿಗುವ ಶಾಸ್ತ್ರಗಳು ಕಡಿಮೆ.

ಹಾಗಾದರೆ ಸಿದ್ಧಾಂತ ಇದು: ಕಯಾಕನ್ನು ದಬ್ಬಾಕಬೇಕು. ಇದಕ್ಕೆ ಪ್ರತ್ಯಕ್ಷ ಪ್ರಮಾಣ ಅಡುಗೆಮನೆಯಲ್ಲೇ ಇದೆ. ಪಾತ್ರೆ ತೊಳೆದವರು ಅದನ್ನು ದಬ್ಬಾಕುತ್ತಾರೆ. ನೀರು ಬಸಿಯಲಿ ಎಂಬುದು ಅದರ ಮೇಲ್ನೋಟದ ಕಾರಣ, ಯಾರೂ ಅದರಲ್ಲಿ ಏನೂ ಹಾಕದಿರಲಿ ಎಂಬುದು ಒಳಗಿನ ಕಾರಣ. ಹೊಳೆಯ ದಡದಲ್ಲಿ ಹರಿಗೋಲನ್ನೂ ಅಂಬಿಗರು ಹೀಗೇ ಮಗುಚಿ ಒಣಗಿಸುತ್ತಾರೆ. ಬಿದಿರಿನ ಸೀಳು ಹೆಣೆದು, ಹಿಂದೆ ತೊಗಲು ಹೊದಿಸುತ್ತಿದ್ದಲ್ಲಿ ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಆ ದುಂಡು ನಾವೆ ನೀರು ಕುಡಿದರೆ ಕೊಳೆಯುತ್ತದೆ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೊರಗೆ ತೊಗಲಿನ ಈ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಕೂರುವುದನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವುದನ್ನೂ, ಅವು ನೇರ ಹೋಗದೆ ಸುತ್ತುತ್ತಲೇ ಇರುವುದನ್ನೂ ಬರೆದಿಟ್ಟ. ಎತ್ತು ಇಳಿದ ಮೇಲೆ ದೋಣಿ ಎಲ್ಲಿಗೆ ಹೋಯಿತೆಂದು ಅವನೂ ಹೇಳಲಿಲ್ಲ.

ಈ ವಿಷಯದಲ್ಲಿ ಪ್ರಾಚೀನರ ಪೈಕಿ ನಿಜವಾದ ಕಾಳಜಿ ತೋರಿದವನು ಗ್ರೀಸಿನ ಹೆರೊಡೊಟಸ್. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಬ್ಯಾಬಿಲೋನಿನ ವರ್ಣನೆಯ ನಡುವೆ ಅವನು ಇಂಥದೇ ದುಂಡು ದೋಣಿಗಳ ಸಂಗತಿ ತರುತ್ತಾನೆ. ಮೇಲುನಾಡಿನಿಂದ ಸರಕು ತುಂಬಿಕೊಂಡು ಯೂಫ್ರೆಟಿಸ್ ಹೊಳೆಯಲ್ಲಿ ಇಳಿದುಬರುವ ಪ್ರತಿ ದೋಣಿಯಲ್ಲೂ ಒಂದು ಜೀವಂತ ಕತ್ತೆ ಇರುತ್ತಿತ್ತು. ಪಟ್ಟಣ ಮುಟ್ಟಿ ಸರಕು ಮಾರಿದ ಮೇಲೆ ದೋಣಿಯ ಹಂದರವನ್ನೂ ಒಳಗಿನ ಹುಲ್ಲನ್ನೂ ಅಲ್ಲೇ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ನೆಲದ ದಾರಿಯಲ್ಲಿ ಊರಿಗೆ ಹಿಂತಿರುಗುತ್ತಿದ್ದರಂತೆ. ದೋಣಿ ಇಡುವ ಸಮಸ್ಯೆಗೆ ಜಗತ್ತಿನಲ್ಲಿ ದಾಖಲಾದ ಪರಿಹಾರಗಳಲ್ಲಿ ಇದಕ್ಕಿಂತ ಪೂರ್ಣವಾದದ್ದು ಇನ್ನೊಂದಿಲ್ಲ, ದೋಣಿಯೇ ಉಳಿಯುವುದಿಲ್ಲವಲ್ಲ. ಆದರೆ ಇದನ್ನು ಗೊರೂರಿನಲ್ಲಿ ಆಚರಣೆಗೆ ತರಲು ಪ್ರತಿ ಭಾನುವಾರ ಹೊಸ ಕಯಾಕ್ ಬೇಕು, ಕತ್ತೆಯನ್ನು ಇಡಲು ಬೇರೆ ಶೆಡ್ಡು ಬೇಕು. ಕಯಾಕಿನ ಮೂಲಪುರುಷರಾದ ಇನುಯಿಟ್ ಜನರ ಕ್ರಮ ನಮಗೆ ಹೆಚ್ಚು ಹತ್ತಿರದ್ದು. ಅವರು ದೋಣಿಗಳನ್ನು ಕಲ್ಲುಗುಪ್ಪೆಯ ಮೇಲೋ ಮರದ ಅಟ್ಟಣೆಯ ಮೇಲೋ ಎತ್ತಿ ಇಡುತ್ತಿದ್ದರು. ಕಾರಣ ಹಿಮವಲ್ಲ, ನಾಯಿ. ಸ್ಲೆಡ್ಜ್ ಎಳೆಯುವ ನಾಯಿಗಳು ಹಸಿದಾಗ ಸೀಲ್ ಚರ್ಮದ ದೋಣಿಯನ್ನೇ ಕಡಿದು ತಿನ್ನುತ್ತಿದ್ದವು. ನಮ್ಮ ಬೀದಿನಾಯಿಗಳು ಪಾಲಿಎಥಿಲೀನ್ ತಿನ್ನುವ ಮಟ್ಟಕ್ಕೆ ಇನ್ನೂ ಬಂದಿಲ್ಲ. ಆದರೆ ನೆಲಮಟ್ಟದಲ್ಲಿ ಬಾಗಿಲಿಲ್ಲದ ಕತ್ತಲೆಗೂಡು ಕಂಡರೆ ಮರಿ ಹಾಕಲು ಅವಕ್ಕೂ ಜಾಗ ಬೇಕು. ಎತ್ತಿ ಇಡಬೇಕೆಂಬ ಇನುಯಿಟ್ ವಿಧಿ, ದಬ್ಬಾಕಬೇಕೆಂಬ ನಮ್ಮ ವಿಧಿ, ಇವೆರಡರ ಸಮನ್ವಯದಿಂದ ಹುಟ್ಟುವುದು ಮೊಣಕಾಲೆತ್ತರದ ಎರಡು ಮರದ ಕುದುರೆಗಳ ಮೇಲೆ, ಗೋಣಿತಾಟು ಸುತ್ತಿ, ಬೋರಲು ಮಲಗಿದ ಕಯಾಕ್.

ಈಗ ಪೂರ್ವಪಕ್ಷಗಳು. ಪಕ್ಕಕ್ಕೆ ವಾಲಿಸಿ ಗೋಡೆಯ ಬ್ರಾಕೆಟ್ಟಿನ ಮೇಲಿಡುವುದು ಜಾಗ ಉಳಿಸುತ್ತದೆ, ತಳಕ್ಕೂ ಒಳ್ಳೆಯದು ಎನ್ನುವವರ ಪಕ್ಷ ಬಲವಾಗಿಯೇ ಇದೆ. ಪಾಲಿಎಥಿಲೀನಿನ ದೃಷ್ಟಿಯಿಂದ ಇದಕ್ಕೆ ಉತ್ತರವಿಲ್ಲ. ಆದರೆ ಪಕ್ಕಕ್ಕೆ ತಿರುಗಿದ ಬಾಯಿ ಗೋಡೆಯ ಗೂಡಿನ ರೂಪ ತಾಳುತ್ತದೆ, ಮೇಲಿನ ಅಂಚು ಹಲಗೆಯ ರೂಪ. ಗೂಡಿನಲ್ಲಿ ಟಾರ್ಚು, ಬೆಂಕಿಪೊಟ್ಟಣ, ಕರೆಂಟ್ ಬಿಲ್ಲು, ಯಾರದೋ ಕನ್ನಡಕದ ಪೆಟ್ಟಿಗೆ ನೆಲೆಸುತ್ತವೆ. ಇವುಗಳ ತೂಕದಿಂದ ದೋಣಿಗೆ ತೊಂದರೆಯಿಲ್ಲ ನಿಜ, ಆದರೆ ಭಾನುವಾರ ಬೆಳಿಗ್ಗೆ ಅದನ್ನು ಇಳಿಸಹೊರಟವನು ಮನೆಯ ಕರೆಂಟ್ ಬಿಲ್ಲು ಕಳೆದುಹೋದದ್ದಕ್ಕೆ ವರ್ಷವಿಡೀ ಉತ್ತರ ಹೇಳಬೇಕಾಗುತ್ತದೆ. ಬಾಯಿಯನ್ನು ಗೋಡೆಯ ಕಡೆಗೇ ತಿರುಗಿಸಿದರೆ ಎಂದು ಕೇಳಿದರೆ, ಗೋಡೆಗೂ ದೋಣಿಗೂ ನಡುವಿನ ಸಂದಿಯಲ್ಲಿ ಕೊಡೆ, ಊರುಗೋಲು, ಪೊರಕೆ ಇಳಿದು ಕೈಗೆ ಸಿಗದಂತಾಗುವುದನ್ನು ಗಮನಿಸಬೇಕು.

ಸೂರಿನಿಂದ ತೂಗುಹಾಕುವವರ ಪಕ್ಷಕ್ಕೆ ಹೆಚ್ಚು ಮಾತು ಬೇಡ. ತಗಡಿನ ಸೂರಿಗೆ ಕೈಯಳತೆಯಲ್ಲಿ ಇರುವ ಶಾಖವೇ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನದು, ತೂಗಿದ ದೋಣಿ ಬೇಯುತ್ತದೆ. ಹಂಚಿನ ಸೂರಾದರೆ ಬಿಸಿ ಕಡಿಮೆ, ಆದರೆ ಆ ತೊಲೆಗಳು ಅಟ್ಟದ ಸಾಮಾನನ್ನು ಹೊತ್ತು ಆಗಲೇ ಬಾಗಿವೆ. ಜೊತೆಗೆ ಎರಡು ಹಗ್ಗದಲ್ಲಿ ಉದ್ದಕ್ಕೆ ತೂಗಿದ ವಸ್ತುವನ್ನು ಕಂಡರೆ ನಮ್ಮ ಮಕ್ಕಳಿಗೆ ಅದು ಯಾವ ದೇಶದ ನಾವೆ ಎಂಬ ಜಿಜ್ಞಾಸೆ ಹುಟ್ಟುವುದಿಲ್ಲ, ಹತ್ತಿ ಜೀಕುತ್ತಾರೆ. ಕಬ್ಬಿಣದ ಕೊಕ್ಕೆ ಹಾಕಬಹುದೇ ಎಂಬ ಉಪಪ್ರಶ್ನೆಯೊಂದಿದೆ. ‘ಯುಕ್ತಿಕಲ್ಪತರು’ ಕಡಲಿನ ಹಡಗಿನ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದು, ನೀರಿನೊಳಗಿನ ಅಯಸ್ಕಾಂತದ ಬಂಡೆ ಸೆಳೆದುಕೊಳ್ಳುತ್ತದೆ ಎಂದು ಎಚ್ಚರಿಸುತ್ತದೆ. ಶೆಡ್ಡಿನಲ್ಲಿ ಅಯಸ್ಕಾಂತವೆಂದರೆ ಸುಟ್ಟ ಸ್ಪೀಕರಿನ ಹಿಂದಿನದೊಂದೇ, ಆದ್ದರಿಂದ ಭೋಜನ ನಿಷೇಧ ಇಲ್ಲಿ ಅನ್ವಯಿಸದು ಎಂಬುದು ನಮ್ಮ ನಿರ್ಣಯ.

ಮಗುಚಿದ ದೋಣಿ ಮನೆಯೊಳಗೆ ಅಪಶಕುನ ಎಂಬ ಆಕ್ಷೇಪ ಅಜ್ಜಿಯರಿಂದ ಬರುತ್ತದೆ, ಅದನ್ನು ಲಘುವಾಗಿ ಎಣಿಸಬಾರದು. ಬೋರಲು ಬಿದ್ದ ಚಪ್ಪಲಿಯನ್ನು ಕಂಡರೆ ಕಾಲಿನಿಂದಲೇ ತಿರುಗಿಸಿ ಮುಂದೆ ಹೋಗುವ ಜನ, ಬೋರಲು ದೋಣಿಯನ್ನು ತಿರುಗಿಸದೆ ಬಿಡುವರೇ? ಇದಕ್ಕೆ ಸಮಾಧಾನವಿದೆ. ಮಗುಚಿದ ದೋಣಿ ಕೆಟ್ಟದ್ದಾಗುವುದು ಒಳಗೆ ಜನರಿದ್ದಾಗ. ಜನ ಮೊದಲೇ ಇಳಿದು ಊಟಕ್ಕೆ ಕೂತಿರುವಾಗ ಮಗುಚುವುದನ್ನು ಅನಾಹುತವೆನ್ನಲು ಆಧಾರವಿಲ್ಲ. ಅಷ್ಟಕ್ಕೂ ತೃಪ್ತಿಯಾಗದವರು ಆಯುಧಪೂಜೆಯ ದಿನ ಒಮ್ಮೆ ಅಂಗಾತ ಮಾಡಿ, ಕುಂಕುಮವಿಟ್ಟು, ನಿಂಬೆಹಣ್ಣು ತೋರಿಸಿ, ಸಂಜೆಯೊಳಗೆ ಮತ್ತೆ ದಬ್ಬಾಕಬಹುದು. ಸಂಜೆಯೊಳಗೆ ಎಂಬುದು ಮುಖ್ಯ, ಪೂಜೆಗೆ ತಂದ ಬೂದುಗುಂಬಳಕಾಯಿ ಉಳಿದರೆ ಎಲ್ಲಿ ಇಡುತ್ತಾರೆಂದು ಹೇಳಬೇಕಾಗಿಲ್ಲ. ಬೋರಲು ದೋಣಿಯ ಕೆಳಗೆ ಹಾವು ಸೇರುತ್ತದೆ ಎಂಬ ಆಕ್ಷೇಪಕ್ಕೆ ಮೊಣಕಾಲೆತ್ತರವೇ ಉತ್ತರ. ಬೆಳಕು ಬೀಳುವ, ಪೊರಕೆ ಆಡುವ ಜಾಗದಲ್ಲಿ ಹಾವು ನಿಲ್ಲದು, ಇಲಿ ನಿಲ್ಲದಿದ್ದರೆ ಹಾವಿಗೂ ಕೆಲಸವಿಲ್ಲ. ಬಾಯಿಗೆ ಒಂದು ಹಳೆ ಸೊಳ್ಳೆಪರದೆಯ ಚೂರನ್ನು ಕಟ್ಟಿದರೆ ಗಾಳಿಯೂ ಆಡುತ್ತದೆ, ನಾಟಿ ಕೋಳಿ ಮೇಲಕ್ಕೆ ಹಾರಿ ಒಳಗೆ ಮೊಟ್ಟೆಯಿಡುವುದೂ ತಪ್ಪುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ ಇದೆ. ದಬ್ಬಾಕಿದರೆ ಒಳಗೆ ತುಂಬುವುದು ತಪ್ಪಿತು, ಮೇಲೆ ಇಡುವುದು ತಪ್ಪಿತೇ? ಬೋರಲು ಮಲಗಿದ ದೋಣಿಯ ಬೆನ್ನು ಹನ್ನೆರಡು ಅಡಿ ಉದ್ದದ ಜಗುಲಿಯಲ್ಲವೇ? ಚೂಪು ಬೆನ್ನಿನ ಕಯಾಕುಗಳು ತಮ್ಮನ್ನು ತಾವೇ ರಕ್ಷಿಸಿಕೊಳ್ಳುತ್ತವೆ. ಅದರ ಮೇಲೆ ಇಟ್ಟದ್ದು ಉರುಳುತ್ತದೆ, ಎರಡು ಸಲ ತೆಂಗಿನಕಾಯಿ ಕಾಲ ಮೇಲೆ ಬಿದ್ದವರು ಮೂರನೆಯ ಸಲ ಇಡುವುದಿಲ್ಲ. ಹೊಸಬರು ಕೊಳ್ಳುವ ಅಗಲ ತಳದ ಕಯಾಕುಗಳದ್ದೇ ಕಷ್ಟ. ಫೆಬ್ರವರಿ ಬಂದೊಡನೆ ಅಂಥ ಬೆನ್ನಿನ ಮೇಲೆ ಒಗೆದ ಪಂಚೆ ಹಾಸಿ ಸಂಡಿಗೆ ಇಡಲಾಗುತ್ತದೆ. ಸಂಡಿಗೆಯ ತೂಕ ನಗಣ್ಯ, ಹಿನ್ನೀರಿಳಿದ ಕಾಲವಾದ್ದರಿಂದ ದೋಣಿಗೂ ಬೇರೆ ಕೆಲಸವಿಲ್ಲ, ಆದ್ದರಿಂದ ಇದನ್ನು ಬಾಡಿಗೆಯೆಂದು ಬಗೆದು ಸುಮ್ಮನಿರಬಹುದು ಎಂದು ಆತುರದ ವಿದ್ವಾಂಸ ತೀರ್ಮಾನಿಸಿಯಾನು. ಅವನು ಮರೆತದ್ದು, ಸಂಡಿಗೆ ಒಣಗಬೇಕಾದರೆ ಬಿಸಿಲು ಬೇಕು, ಶೆಡ್ಡಿನಲ್ಲಿ ಬಿಸಿಲಿಲ್ಲ. ಆಗ ಸಂಡಿಗೆಯನ್ನು ಬಿಸಿಲಿಗೆ ಒಯ್ಯುವ ಬದಲು ಕುದುರೆ ಸಮೇತ ಕಯಾಕನ್ನೇ ಅಂಗಳಕ್ಕೆ ಎಳೆಯುತ್ತಾರೆ. ಅತಿನೇರಳೆ ಕಿರಣದಿಂದ ತಪ್ಪಿಸಲೆಂದು ಒಳಗಿಟ್ಟ ವಸ್ತು ಸಂಡಿಗೆಯ ಸಾರೋಟಾಗಿ ಏಪ್ರಿಲ್ ಮುಗಿಯುವವರೆಗೆ ಹೊರಗೇ ನಿಲ್ಲುತ್ತದೆ. ಇದಕ್ಕೆ ಇರುವ ಒಂದೇ ನಿವಾರಣೆ, ಕಯಾಕ್ ಕೊಳ್ಳುವ ದಿನವೇ ಮನೆಗೆ ಹಗ್ಗ ಹೆಣೆದ ಮಂಚವೊಂದನ್ನೂ ಕೊಂಡು ತಂದು ಅಂಗಳದಲ್ಲಿ ಹಾಕುವುದು. ಮಂಚದ ಖರ್ಚನ್ನು ದೋಣಿಯ ಬೆಲೆಗೆ ಸೇರಿಸಿ ಹೇಳುವ ಅಂಗಡಿ ಇನ್ನೂ ಹುಟ್ಟಿಲ್ಲ.

ಇಷ್ಟು ತಾಪತ್ರಯದ ಬದಲು ಹರಿಗೋಲನ್ನೇ ಇಟ್ಟುಕೊಳ್ಳಬಾರದೇ ಎಂಬ ದೇಶಾಭಿಮಾನಿಗಳ ಪ್ರಶ್ನೆಗೆ ಪಾಯಸ್ ಆಗಲೇ ಉತ್ತರಿಸಿದ್ದಾನೆ. ಅದು ಸುತ್ತುತ್ತದೆ. ಅಲ್ಲದೆ ಆರೇಳಡಿ ಅಗಲದ ದುಂಡು ವಸ್ತು ಶೆಡ್ಡಿನ ಬಾಗಿಲಲ್ಲಿ ನೆಟ್ಟಗೆ ಮಾತ್ರ ತೂರುತ್ತದೆ. ತೂರಿದ ಮೇಲೆ ಕೆಡವಿದರೆ ನಡುವೆ ಜಾಗವನ್ನೆಲ್ಲ ಅದೇ ಹಿಡಿಯುತ್ತದೆ. ಅದಕ್ಕೆ ಹೊಳೆಯ ದಡವೇ ವಾಸಿ, ಅಂಬಿಗನೇ ವಾರಸುದಾರ.

ಇನ್ನೊಂದು ಸಣ್ಣ ತೊಡಕು ಉಳಿಯುತ್ತದೆ. ಕಯಾಕ್ ಶೆಡ್ಡಿನಲ್ಲಿ ಇರುವಾಗಿನ ಕ್ರಮವನ್ನು ಇಲ್ಲಿಯವರೆಗೆ ಹೇಳಿದ್ದಾಯಿತು, ಅದು ಹೊರಗೆ ಹೋದಾಗ ಖಾಲಿ ಬಿದ್ದ ಎರಡು ಕುದುರೆಗಳ ಗತಿ? ಅಣೆಕಟ್ಟೆ ತುಂಬುವುದೂ ಆಲೂಗೆಡ್ಡೆ ಕೀಳುವುದೂ ಗೌರಿಹಬ್ಬ ಬರುವುದೂ ಹೆಚ್ಚುಕಡಿಮೆ ಒಂದೇ ಹಂಗಾಮಿನಲ್ಲಿ. ಬೆಳಿಗ್ಗೆ ಏಳಕ್ಕೆ ದೋಣಿ ಹೊರಟರೆ ಹತ್ತಕ್ಕೆ ಕುದುರೆಗಳ ಮೇಲೆ ಹಲಗೆ ಬಿದ್ದು, ಹಲಗೆಯ ಮೇಲೆ ಚೀಲಗಳು ಕೂತಿರುತ್ತವೆ. ಕುದುರೆಗಳ ಬದಲು ತೊಲೆಗೆ ಎರಡು ಅಗಲ ಪಟ್ಟಿಯ ಕುಣಿಕೆ ಇಳಿಬಿಟ್ಟು, ಮೊಣಕಾಲೆತ್ತರದಲ್ಲೇ ಬೋರಲು ತೂಗಿಸಿದರೆ ಚೀಲದವರಿಗೆ ಅವಕಾಶವಿರದು ಎಂದು ವಾದಿಸಬಹುದು. ಆದರೆ ಹಬ್ಬದ ವಾರ ತೊಲೆಯಿಂದ ಇಳಿಬಿದ್ದ ಖಾಲಿ ಕುಣಿಕೆಗೆ ಬಾಳೆಗೊನೆ ಬೀಳುತ್ತದೆ, ಎರಡು ಕುಣಿಕೆಯಿದ್ದರೆ ಎರಡು ಗೊನೆ. ಹಣ್ಣಾಗಲು ನೇತುಹಾಕಿದ ಗೊನೆಯನ್ನು ಹಬ್ಬಕ್ಕೆ ಮುಂಚೆ ಇಳಿಸುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ ಇರುತ್ತದೆ, ಅವರು ಕಯಾಕಿನ ಒಡೆಯರಾಗಿರುವುದಿಲ್ಲ. ಆ ಎಂಟು ಹತ್ತು ದಿನ ದೋಣಿಯನ್ನು ಮುಂಬಾಗಿಲ ಜಗುಲಿಯ ಮೇಲೆ, ಎರಡು ಹಳೆ ಟೈರುಗಳ ಆಸರೆಯಲ್ಲಿ, ಬೋರಲಾಗಿ ಮಲಗಿಸಿ, ತಳದ ನೀರು ಬಸಿಯುವ ತೂತಿನಲ್ಲಿ ಸರಪಳಿ ತೂರಿಸಿ ಕಂಬಕ್ಕೆ ಬೀಗ ಹಾಕಬೇಕು. ಕಯಾಕಿಗೆ ಅಂಥ ತೂತಿಲ್ಲದಿದ್ದರೆ ಹಿಡಿಯ ಮೂಲಕ ತೂರಿಸಬಹುದು. ಹಬ್ಬಕ್ಕೆ ಬಂದ ನೆಂಟರು ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರೆ, ಅದಕ್ಕೆ ಕುರ್ಚಿಗಳನ್ನು ಮೊದಲೇ ಹೊರಗೆ ತಂದಿಡುವುದು ಒಳ್ಳೆಯದು. ಕುರ್ಚಿಗಳು ಶೆಡ್ಡಿನಲ್ಲಿ, ಗೊನೆಗಳ ಹಿಂದೆ ಇವೆ.